ಬೆನ್ನ ಹಿಂದಿನ ಬೆಲ್ಟು

"ಬುದ್ಧೀ, ಗುರುವಿನ ಮಾತಿಗೆ ಎದುರಾಡುವುದು ತಪ್ಪಲ್ಲವೇ?"

ಕೇಳಿದವನು ಮಠದ ಶಿಷ್ಯ ಚನ್ನವೀರ. ಹಿಂದಿನ ದಿನ ಪಂಕ್ತಿಯಲ್ಲಿ ಸ್ವಾಮಿಗಳು ಎರಡನೇ ಹೋಳಿಗೆ ಕೇಳಿದ್ದರು. ಅಡುಗೆಯ ಮರಿಯಪ್ಪ, "ಸಕ್ಕರೆ ಕಾಯಿಲೆ ಇಟ್ಟುಕೊಂಡು ಇದೆಲ್ಲ ಬೇಡ ಬುದ್ಧೀ" ಎಂದು ಎಲ್ಲರೆದುರೇ ಬುಟ್ಟಿ ಎತ್ತಿಕೊಂಡು ಹೋಗಿದ್ದ. ಚನ್ನವೀರ ಅವನನ್ನು ಚೆನ್ನಾಗಿ ಬೈದಿದ್ದ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಸ್ವಾಮಿಗಳು ಎಲ್ಲಿಗೋ ಹೊರಡಲು ಸಿದ್ಧರಾಗಿ ಜಗಲಿಯ ಮೇಲೆ ಕೂತಿದ್ದರು. ಅವರ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಶಾಲನ್ನು ಬಲಗೈಯಿಂದಲೇ ಸರಿಮಾಡಿಕೊಂಡು ಹೇಳಿದರು: "ಕೂತುಕೋ. ಒಂದು ಕತೆ ಹೇಳುತ್ತೇನೆ. ಅದರಲ್ಲೊಬ್ಬ ಗುರು ಬರುತ್ತಾನೆ. ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಮುಖ ಸಿಂಡರಿಸಬೇಡ."

ಒಬ್ಬ ವರ್ತಕನಿದ್ದ. ಅವನಿಗೊಬ್ಬ ಗುರು. ಗುರು ಗುಡ್ಡದ ಮೇಲಿನ ಹಳ್ಳಿಗಳಿಗೆಲ್ಲ ಹಳೆಯ ಜೀಪಿನಲ್ಲಿ ಓಡಾಡುತ್ತಿದ್ದ. ದಾರಿಯಲ್ಲಿ ಗುರುವಿಗೆ ಏನಾದರೂ ಆದರೆ ಏನು ಗತಿ ಎಂಬ ಚಿಂತೆ ವರ್ತಕನಿಗೆ. ಹೊಸ ಗಾಡಿ ಕೊಡಿಸಬೇಕೆಂದು ಒಂದು ವರ್ಷ ವಿಚಾರಿಸಿದ. ಯಾವ ಗಾಡಿಯನ್ನು ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಿದ್ದಾರೆ, ಒಳಗೆ ಕೂರಿಸಿದ ಗೊಂಬೆಗೆ ಎಷ್ಟು ಪೆಟ್ಟಾಗಿದೆ, ಎಲ್ಲವನ್ನೂ ಮೊಬೈಲಿನಲ್ಲಿ ನೋಡಿ ನೋಡಿ ಒಂದನ್ನು ಆರಿಸಿದ. ಪೆಟ್ರೋಲಿನಲ್ಲೂ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ಗಾಡಿ. ನಾಲ್ಕು ಚಕ್ರವೂ ಎಳೆಯುತ್ತವೆ. ಸುರಕ್ಷತೆಗೆ ಐದಕ್ಕೆ ಐದು ನಕ್ಷತ್ರ.

"ಗೋಡೆಗೆ ಗುದ್ದಿದರೂ ಒಳಗಿದ್ದ ಗೊಂಬೆಗೆ ಏನೂ ಆಗಲಿಲ್ಲ ಬುದ್ಧೀ" ಎಂದ. ಪಾಪ, ಅವನ ಮುಖದಲ್ಲಿ ಎಂಥ ಸಂತೋಷ! ಗೊಂಬೆಗೆ ಬೆಲ್ಟು ಕಟ್ಟಿದ್ದರು. ಗೊಂಬೆ ಬೇಡ ಎಂದಿರಲಿಲ್ಲ.

ಗಾಡಿಗೆ ಪೂಜೆಯಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ವರ್ತಕ ತಾನೇ ಓಡಿಸುವವನು. ಗುರು ಹಿಂದಿನ ಸೀಟಿನಲ್ಲಿ, ಸರಿಯಾಗಿ ಅವನ ಬೆನ್ನ ಹಿಂದೆ ಕೂತ. ವರ್ತಕ ಬಾಗಿಲ ಬಳಿ ನಿಂತು, "ಬೆಲ್ಟು ಹಾಕಿಕೊಳ್ಳಬೇಕು ಬುದ್ಧೀ" ಎಂದ.

ಆ ಗುರುವಿಗೆ ಮಾತಿನ ಚಟ. ಸುತ್ತ ಜನ ಬೇರೆ ನಿಂತಿದ್ದರು. "ಪ್ರಾಣದ ಮೇಲೆ ಆಸೆ ಇರುವವರು ಕಟ್ಟಿಕೊಳ್ಳಲಿ ಕಣಪ್ಪ, ನನಗ್ಯಾಕೆ?" ಎಂದ. ಜನ ನಕ್ಕರು. ಕೆಲವರು ಕೈಮುಗಿದೇ ಬಿಟ್ಟರು. ಗುರು ಉಬ್ಬಿಹೋದ.

ಗಾಡಿ ಮಾತ್ರ ಸುಮ್ಮನಿರಲಿಲ್ಲ. ಹಿಂದಿನವರು ಬೆಲ್ಟು ಹಾಕಿಲ್ಲವೆಂದು ಒಂದೇ ಸಮ ಕೂಗತೊಡಗಿತು. ವರ್ತಕ ಗುರುವಿನ ಮುಖ ನೋಡಿದ. ಬಾಯಿ ತೆರೆದ, ಮುಚ್ಚಿಕೊಂಡ. ಎರಡನೇ ಸಲ ಹೇಳಿದರೆ ಎದುರಾಡಿದ ಹಾಗಾಗುತ್ತದಲ್ಲ! ಒಳಗೆ ಬಾಗಿ, ಬೆಲ್ಟನ್ನು ಗುರುವಿನ ಬೆನ್ನ ಹಿಂದಿನಿಂದ ಎಳೆದು ಕೊಂಡಿಗೆ ಸಿಕ್ಕಿಸಿದ. ಅವನಿಗೆ ಅನುಕೂಲವಾಗಲೆಂದು ಗುರು ತುಸು ಮುಂದಕ್ಕೆ ಬಾಗಿಯೂ ಕೊಟ್ಟ. ಗಾಡಿಯ ಕೂಗು ನಿಂತಿತು.

ಅಯ್ಯೋ, ಒಂದು ಸಲ ಗದರಿಸಬಾರದಿತ್ತೇ ಅವನು! ಗದರಿಸುವುದೆಲ್ಲಿ ಬಂತು, ಗುರುವೇ ಅವನ ಬಾಯಿಗೆ ಬೀಗ ಹಾಕಿ ಬೆಳೆಸಿದ್ದ.

ಘಾಟಿಯ ತಿರುವಿನಲ್ಲಿ ಲಾರಿಯೊಂದು ತನ್ನ ಬದಿ ಬಿಟ್ಟು ನೇರ ಎದುರಿಗೆ ಬಂತು. ಗಾಡಿ ಪರೀಕ್ಷೆಯಲ್ಲಿ ಮಾಡಿದ್ದನ್ನೆಲ್ಲ ಇಲ್ಲೂ ಮಾಡಿತು, ಅದನ್ನು ದೂರುವಂತಿಲ್ಲ. ಏರ್‌ಬ್ಯಾಗುಗಳು ಬಿಚ್ಚಿಕೊಂಡವು. ಬ್ಯಾಟರಿಗೆ ಬೆಂಕಿ ಹತ್ತಲಿಲ್ಲ. ಬಾಗಿಲುಗಳು ಸಲೀಸಾಗಿ ತೆರೆದವು. ವರ್ತಕ ಬೆಲ್ಟು ಹಾಕಿದ್ದ, ಎದುರಿನಿಂದ ಬಂದ ಪೆಟ್ಟು ಅವನಿಗೆ ತಾಗಲಿಲ್ಲ. ಹಿಂದಿನಿಂದ ಗುರು ಹಾರಿ ಬಂದು ಅವನ ಮೇಲೆ ಬಿದ್ದ. ಸೀಟು ಮುರಿಯಿತು, ವರ್ತಕನ ಕತ್ತು ಮುರಿಯಿತು. ಗುರುವಿಗೆ ಒಂದು ಭುಜ ಹೋಯಿತು, ಅಷ್ಟೆ. ಪ್ರಾಣದ ಆಸೆ ಇಲ್ಲ ಎಂದವನ ಪ್ರಾಣ ಗಟ್ಟಿಯಾಗಿ ಉಳಿಯಿತು ನೋಡು.

ವರ್ತಕನ ಹೆಂಡತಿ ಆಸ್ಪತ್ರೆಗೆ ಬಂದಳು. ಗಂಡನ ಮುಖ ನೋಡಿ, ನೇರವಾಗಿ ಗುರುವಿನ ಮಂಚದ ಬಳಿ ಬಂದು ನಿಂತಳು. "ನಮ್ಮ ಯಜಮಾನರಿಂದ ನಿಮ್ಮ ಸೇವೆಯಲ್ಲಿ ಏನಾದರೂ ಲೋಪವಾಯಿತೇ ಬುದ್ಧೀ? ನಿಮಗೆ ಬೆಲ್ಟು ಹಾಕಿಸಿದ್ದರು ತಾನೇ?"

"ಕೊಂಡಿ ಹಾಕಿಯೇ ಇತ್ತು ತಾಯಿ" ಎಂದ ಗುರು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಥೂ, ಅದಕ್ಕಿಂತ ಹೊಲಸು ಮಾತು ಆ ಗುರು ಜನ್ಮದಲ್ಲಿ ಆಡಿರಲಿಲ್ಲ. ಅವಳು ಅವನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ಅಂಥ ಗಾಡಿಯಲ್ಲೂ ಸತ್ತನೆಂದರೆ ಇವನೇ ಹೇಗೆ ಹೇಗೋ ಓಡಿಸಿರಬೇಕು, ಪುಣ್ಯಕ್ಕೆ ಗುರುಗಳು ಉಳಿದರು ಎಂದು ಊರು ಆಡಿಕೊಂಡಿತು. ಗಂಡನ ಮೇಲಿನ ಆ ಮಾತನ್ನು ಅವಳು ಮೂರು ವರ್ಷದಿಂದ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಾಳೆ.

ಸ್ವಾಮಿಗಳು ಕತೆ ನಿಲ್ಲಿಸಿದರು. ಚನ್ನವೀರನ ಕಣ್ಣು ಅವರ ಎಡಗೈಯ ಮೇಲೆ ನಿಂತಿತ್ತು. ಮೆಲ್ಲಗೆ ಕೇಳಿದ: "ಆ ಗುರುಗಳು ಆ ತಾಯಿಗೆ ನಿಜ ಹೇಳಿದರೇ ಬುದ್ಧೀ?"

"ಇನ್ನೂ ಇಲ್ಲ, ಈಗ ಅಲ್ಲಿಗೇ ಹೊರಟಿದ್ದೇನೆ, ನೀನೂ ಬಾ, ದಾರಿಯಲ್ಲಿ ನಾನು ಗಾಡಿ ತಿರುಗಿಸು ಎಂದರೆ ಎದುರಾಡು."