ಮಾಯಿಗ ಗೆಂಡೆ ಮೀನು ಹಿಡಿದದ್ದು

ಹೂಂಗುಟ್ಟೋಕೆ ಯಾರಾದ್ರೂ ಇದ್ದೀರಾ? ಇದ್ದರೆ ಹೇಳ್ತೀನಿ. ಇಲ್ಲದಿದ್ದರೂ ಹೇಳ್ತೀನಿ, ತಡಕೊಳ್ಳೋಕಾಗಲ್ಲ.

ಒಂದೂರಲ್ಲಿ ಒಂದು ಕೆರೆ. ಕೆರೆ ಪಕ್ಕದಲ್ಲಿ ದೇವೀರಮ್ಮನ ಮನೆ. ದೇವೀರಮ್ಮನಿಗೆ ಒಬ್ಬ ಮಗ, ಮಾಯಿಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಮಾಡಲ್ಲ ಅನ್ನೋ ಮಕ್ಕಳು ಎಲ್ಲ ಊರಲ್ಲೂ ಇರ್ತಾರೆ. ಇವನು ಹೇಳಿದ್ದನ್ನೇ ಮಾಡೋನು. ಅದೇ ತಾಪತ್ರಯ.

ಅವರ ಮನೇಲಿ ಒಂದು ಹರಿಗೋಲೂ ಇತ್ತು. "ಮಳೆ ನೀರು ನಿಂತ್ಕೊಂಡದೆ ಕಣ್ಲಾ, ನೀರು ಹೊರಗೆ ಹೋಗೋ ಹಂಗೆ ಮಾಡು" ಅಂದಿದ್ದಳು ಅವ್ವ. ಮಾಯಿಗ ತಳಕ್ಕೊಂದು ತೂತು ಕೊರೆದ. ನೀರು ಹೊರಗೆ ಹೋಯ್ತು. ಆಮೇಲೆ ಹರಿಗೋಲು ಕೆರೆಗೆ ಹೋಯ್ತು. ಮೇಲೆ ಬರಲಿಲ್ಲ.

ಹೀಗಿರುವಾಗ ಮಗಳು ಹೊನ್ನಿ ಬಾಣಂತನಕ್ಕೆ ತವರಿಗೆ ಬಂದಳು. ಬಂದವಳೇ ಗೋಡೆಗೊರಗಿ, ಕಾಲು ಚಾಚಿ ಕೂತು ಅಂದಳು: "ಅವ್ವ, ನಂಗೆ ಗೆಂಡೆ ಮೀನಿನ ಸಾರು ಬೇಕು. ಬಿಸಿ ಮುದ್ದೆ ಜೊತೆಗೆ ಬೇಕು. ಈಗ್ಲೇ ಬೇಕು!"

ದೇವೀರಮ್ಮ ಯೋಚನೆಗೆ ಬಿದ್ದಳು. ಬಸುರಿ ಬಯಕೆ ತೀರಿಸದಿದ್ದರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ ಅಂತ ಆ ಊರಲ್ಲಿ ನಂಬಿಕೆ. ಮೊಮ್ಮಗು ಕಿವಿ ಸೋರಿಸ್ಕೊಂಡು ಹುಟ್ಟಿದರೆ ಬೀಗರು ಸುಮ್ಮನಿರ್ತಾರಾ? "ತವರಲ್ಲಿ ಒಂದು ಮೀನು ಹಿಡಿದು ಹಾಕೋ ಯೋಗ್ಯತೆ ಇರಲಿಲ್ವಾ?" ಅಂತ ಜನ್ಮವಿಡೀ ಕುಟುಕ್ತಾರೆ. ತಾನೇ ಹೋಗೋಣವೆಂದರೆ ಮಗಳಿಗೆ ದಿನ ತುಂಬಿದೆ, ಬಿಟ್ಟು ಕದಲೋ ಹಾಗಿಲ್ಲ. ಉಳಿದವನು ಯಾರು? ಮಾಯಿಗ.

"ಲೋ ಮಾಯಿಗ! ನಿಮ್ಮಪ್ಪನ ಗಾಳದ ಕೋಲು ತಕ್ಕೊ. ಹರಿಗೋಲು ಇಲ್ದಿದ್ರೇನು, ನೆಲದ ಮೇಲೆ ನಿಂತ್ಕೊಂಡೇ ಹಿಡೀಬೋದು. ಜಾಗ ಗೊತ್ತಿರಬೇಕು ಅಷ್ಟೆ. ಬಿಸಿಲು ಏರಿದ ಮೇಲೆ ಮೀನು ನೆರಳಿಗೆ ಬತ್ತವೆ. ದೊಡ್ಡ ಮರದ ನೆರಳು ಎಲ್ಲದೆ ನೋಡು, ಅಲ್ಲಿ ಗಾಳ ಬಿಡು."

"ಆಯ್ತವ್ವ!"

ಹೊರಟ. ಕೆರೆ ಸುತ್ತ ನೋಡಿದ. ಅಲ್ಲಿದ್ದವೆಲ್ಲ ಸಣ್ಣ ಮರ. ದೊಡ್ಡ ಮರ ಎಲ್ಲಿ? ಊರ ಮುಂದಿನ ಅರಳಿಮರ! ಸೀದಾ ಹೋದ. ನೆರಳಿಗೆ ಗಾಳ ಬಿಟ್ಟ. ನೆರಳಲ್ಲಿ ಊರ ಪಟೇಲರು ಪೇಟ ಸುತ್ತಿಕೊಂಡು ತೂಕಡಿಸುತ್ತಿದ್ದರು. ಗಾಳ ಪೇಟಕ್ಕೆ ಸಿಕ್ಕಿತು. ಮಾಯಿಗ ಎಳೆದ. ಪೇಟ ಬಿಚ್ಚಿತು, ಬಿಚ್ಚಿತು, ಬಿಚ್ಚುತ್ತಲೇ ಹೋಯ್ತು.

"ಅವ್ವಾ! ಸಿಕ್ತು! ಎಂಥಾ ಉದ್ದದ ಮೀನು ಅಂತೀಯ!" ಅಂತ ಮನೆಗೆ ಓಡಿದ. ಹಿಂದೆ ಬೋಳುತಲೆ ಪಟೇಲರು. "ನಿಲ್ಲಲೇ! ನಿನ್ ಚರ್ಮ ಸುಲೀತೀನಿ!"

ದೇವೀರಮ್ಮ ಪಟೇಲರ ಕಾಲು ಹಿಡಿದಳು. ಆಮೇಲೆ ಮಗನ ಕಿವಿ ಹಿಡಿದಳು.

"ಅಯ್ಯೋ ನನ್ ಕರ್ಮವೇ! ನೀರಿರೋ ಕಡೆ ಕಣ್ಲಾ ಮೀನಿರೋದು! ಕಾಲುವೆ ನೀರು ಬಂದು ಧುಮುಕ್ತದಲ್ಲ, ಅಂಥಾ ಕಡೆ. ನೀರಿನ ಜೊತೆ ಹುಳಹುಪ್ಪಟೆ ಕೊಚ್ಕೊಂಡು ಬತ್ತವೆ. ಮೀನು ಬಾಯಿ ತಕ್ಕೊಂಡು ಕಾಯ್ತಿರ್ತವೆ. ನೀರು ಧುಮುಕೋ ಕಡೆ ಗಾಳ ಬಿಡು!"

"ಮೊದ್ಲೇ ಹಂಗನ್ನಬಾರದಾ ಅವ್ವ?"

ಹೊರಟ. ಕಿವಿ ನಿಮಿರಿಸಿಕೊಂಡು ಊರೆಲ್ಲ ತಿರುಗಿದ. ಎಲ್ಲಿಂದಲೋ ದಬದಬ ಸದ್ದು! ನೋಡಿದರೆ ಪಟೇಲರ ಬಚ್ಚಲ ತೂತಿಂದ ನೀರು ಗುಂಡಿಗೆ ಧುಮುಕುತ್ತಿದೆ. ಒಳಗೆ ಪಟೇಲರು ಆದ ಅವಮಾನವನ್ನೆಲ್ಲ ತೊಳೆದುಕೊಳ್ಳುತ್ತಿದ್ದರು. ಮಾಯಿಗ ಗುಂಡಿ ನೋಡಿದ, ತೂತು ನೋಡಿದ. ಬರೋ ಮೀನನ್ನ ಬಾಗಿಲಲ್ಲೇ ಹಿಡಿಯೋಣ ಅಂತ ಗಾಳವನ್ನ ತೂತಿನೊಳಕ್ಕೇ ತೂರಿಸಿದ. ಏನೋ ಸಿಕ್ಕಿತು. ಎಳೆದ. ಕಳಚಿಟ್ಟಿದ್ದ ಪಂಚೆ ಈಚೆಗೆ ಬಂತು.

"ಲೇ! ಲೇ! ನನ್ ಪಂಚೆ!" ಒಳಗಿಂದ ಕೂಗು. ಈ ಸಲ ಪಟೇಲರು ಬೆನ್ನಟ್ಟಲಿಲ್ಲ. ಬೆನ್ನಟ್ಟೋ ಸ್ಥಿತಿಯಲ್ಲಿರಲಿಲ್ಲ.

ಮನೇಲಿ ಹೊನ್ನಿ ಕೇಳಿದಳು: "ಮೀನು ತಂದ್ಯೇನೋ?"

"ಬಿಳೀದು ತಂದಿದೀನಕ್ಕ. ಜರತಾರಿ ಅಂಚದೆ."

"ಥೂ ನಿನ್ನ!" ದೇವೀರಮ್ಮ ಹಣೆ ಚಚ್ಚಿಕೊಂಡಳು. "ಜನ ಇರೋ ಕಡೆ ಯಾಕ್ಲಾ ಹೋಗ್ತೀಯ? ಸದ್ದು ಗದ್ದಲ ಇದ್ರೆ ಮೀನು ಬತ್ತವಾ? ಬೆಳ್ಳಕ್ಕಿ ನೋಡು, ಬೆಳ್ಳಕ್ಕಿ! ಅದ್ಕೆ ಗೊತ್ತು ಮೀನೆಲ್ಲಿ ಅಂತ. ಅದು ಎಲ್ಲಿ ನಿಲ್ತದೋ ಅಲ್ಲಿ ಹೋಗು. ಉಸಿರು ಬಿಗಿಹಿಡಿದು ಕೂತ್ಕೊ. ಬಾಯಿ ಬಿಡಬೇಡ!"

"ಆಯ್ತವ್ವ!"

ಹೊರಟ. ಬೆಳ್ಳಕ್ಕಿ ಇತ್ತು. ಎಲ್ಲಿತ್ತು? ಎಮ್ಮೆ ಬೆನ್ನ ಮೇಲಿತ್ತು. ಮಾಯಿಗನೂ ಎಮ್ಮೆ ಹತ್ತಿದ. ಬೆಳ್ಳಕ್ಕಿ ಮುಂದೆ, ಮಾಯಿಗ ಹಿಂದೆ. ಗಾಳ ನೀಡಿಕೊಂಡು ಉಸಿರು ಬಿಗಿಹಿಡಿದು ಕೂತ. ಎಮ್ಮೆ ಮೇಯ್ತು, ಇವನು ಕದಲಲಿಲ್ಲ. ಎಮ್ಮೆ ಕೆಸರಲ್ಲಿ ಹೊರಳಾಡಿತು, ಬೆಳ್ಳಕ್ಕಿ ಹಾರಿತು, ಇವನು ಹಾರಲಿಲ್ಲ. ಎಮ್ಮೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಯ್ತು. ಯಾರ ಮನೆ ಎಮ್ಮೆ? ಮತ್ತಿನ್ಯಾರದು!

ಕೊಟ್ಟಿಗೇಲಿ ಪಟೇಲರು ಕಂಬಳಿ ಸುತ್ತಿಕೊಂಡು ನಿಂತಿದ್ದರು. ಕತ್ತಿನವರೆಗೂ ಕೆಸರು ಮೆತ್ತಿಕೊಂಡ ಮಾಯಿಗನನ್ನ ಕಂಡು ಕಂಬಳಿಯನ್ನ ಇನ್ನಷ್ಟು ಬಿಗಿಯಾಗಿ ಹಿಡಕೊಂಡರು.

"ಇಳಿಯಪ್ಪ" ಅಂದರು.

ಮಾಯಿಗ ತುಟಿ ಮೇಲೆ ಬೆರಳಿಟ್ಟ.

"ಲೇ, ಇಳಿಯೋ!"

ಮತ್ತೆ ಬೆರಳಿಟ್ಟ. ಇನ್ನೊಂದು ಕೈಯಲ್ಲಿ ಪಟೇಲರಿಗೂ ಕೂತ್ಕೊಳ್ಳಿ ಅಂತ ಸನ್ನೆ ಮಾಡಿದ.

ಪಟೇಲರು ಎಮ್ಮೆ ಸಮೇತ ಅವನನ್ನ ದೇವೀರಮ್ಮನ ಮನೆ ಬಾಗಿಲಿಗೆ ಹೊಡಕೊಂಡು ಬಂದರು. "ನೋಡು ದೇವೀರಮ್ಮ, ಪೇಟ ಎಳೆದ, ಸುಮ್ಮನಾದೆ. ಪಂಚೆ ಎಳೆದ, ಬಚ್ಚಲಲ್ಲೇ ಇದ್ದೆ. ಇವನ್ನ ಹೊತ್ತು ನನ್ನೆಮ್ಮೆ ಈಗ ಹಾಲೇ ಇಳಿಸ್ತಿಲ್ಲ. ನಿಂಗೆ ಕೈ ಮುಗೀತೀನಿ, ಇವನಿಗೊಂದು ಮೀನು ಸಿಗೋ ಹಂಗೆ ಮಾಡು ತಾಯಿ!"

ಪಟೇಲರು ಹೋದ ಮೇಲೆ ದೇವೀರಮ್ಮ ಕೂತು ಒಂದೊಂದೇ ಬಿಡಿಸಿ ಹೇಳಿದಳು. "ಕೇಳ್ಲಾ ಪೆದ್ದ! ನೆರಳಿರಬೇಕು. ನೀರಿರಬೇಕು. ಜನ ಇರಬಾರದು. ಸದ್ದಿರಬಾರದು. ಗೆಂಡೆ ತಳದಲ್ಲಿ ಕೆದಕ್ತಾ ಇದ್ರೆ ಮೇಲೆ ಬುಳುಬುಳು ಗುಳ್ಳೆ ಏಳ್ತವೆ. ಆ ಗುಳ್ಳೆ ಕಂಡ್ಯೋ, ಅಲ್ಲಿ ಬಿಡು! ಗೇಣಿಗಿಂತ ಸಣ್ಣದು ಸಿಕ್ರೆ ಮನೆಗೆ ತರಬೇಡ, ಕೆರೆಗೇ ಬಿಟ್ಬಿಡು. ಬೆಳೀಲಿ ಪಾಪ."

"ಎಲ್ಲಾ ತಿಳೀತವ್ವ!"

ಅವನು ಅಷ್ಟು ಜೋರಾಗಿ ತಿಳೀತು ಅಂದದ್ದೇ ಅವಳಿಗೆ ದಿಗಿಲು. "ಬ್ಯಾಡ. ಕೋಲು ಇಲ್ಲಿ ಕೊಡು. ನಾನೇ ಹೋಗಿ ಬತ್ತೀನಿ. ನೀನು ಅಕ್ಕನ ಪಕ್ಕ ಕದಲದೆ ಕೂತಿರು. ನೋವು ಬಂದ್ರೆ ಕೂಗು!"

ದೇವೀರಮ್ಮ ಕೆರೆಗೆ ಹೋದಳು. ಕಾಲುವೆ ಬಂದು ಕೂಡೋ ಮೂಲೆ, ನೀರಿನ ಮೇಲೆ ಬಾಗಿದ ಹೊಂಗೆಮರದ ನೆರಳು, ಪಕ್ಕದಲ್ಲೊಂದು ಬೆಳ್ಳಕ್ಕಿ, ನೀರ ಮೇಲೆ ಸಣ್ಣ ಗುಳ್ಳೆ. ಎರೆಹುಳ ಸಿಕ್ಕಿಸಿ ಬಿಟ್ಟಳು. ದಾರ ಬಿಗಿಯಿತು. ಅಷ್ಟರಲ್ಲಿ ಮನೆ ಕಡೆಯಿಂದ "ಅವ್ವಾ! ನೋವು! ನೋವು!"

ಬಿದ್ದಳೋ ಎದ್ದಳೋ, ಗಾಳದಲ್ಲಿ ಮೊಳದುದ್ದ ಗೆಂಡೆ ತೂಗಾಡಿಸಿಕೊಂಡೇ ಓಡಿ ಬಂದಳು. ಹೊನ್ನಿ ಆರಾಮಾಗಿ ಎಲೆ ಅಡಿಕೆ ಮೆಲ್ಲುತ್ತಿದ್ದಾಳೆ. ಮಾಯಿಗ ಪಾದ ಹಿಡ್ಕೊಂಡಿದ್ದಾನೆ.

"ಇರುವೆ ಕಚ್ತು ಅವ್ವ."

ಬಯ್ಯೋಕೂ ಹೊತ್ತಿಲ್ಲ. ಮೀನು ಉಜ್ಜಿದಳು, ಹೆಚ್ಚಿದಳು, ಹುಣಸೆಹುಳಿ ಹಿಂಡಿ, ಖಾರ ಅರೆದು ಮಡಕೇಲಿ ಕುದಿಯೋಕಿಟ್ಟಳು. ಘಮಘಮ! ಹೊನ್ನಿ ಮುಖ ಅರಳಿತು. ದೇವೀರಮ್ಮ ಮಗಳ ಕೈಹಿಡಿದು, ಮುಖ ತೊಳೆಸೋಕೆ ಹಿತ್ತಲಿಗೆ ಕರಕೊಂಡು ಹೋದಳು.

ಮಾಯಿಗ ಒಬ್ಬನೇ. ಮಡಕೆ ನೋಡಿದ. ಕಣ್ಣು ಅಗಲವಾಯ್ತು.

ನೆರಳು ಅದಾ? ಅದೆ. ನೀರು ಅದಾ? ಅದೆ. ಜನ? ಇಲ್ಲ. ಸದ್ದು? ಇಲ್ಲ. ಗುಳ್ಳೆ? ಬುಳುಬುಳುಬುಳು!

ಗಾಳ ಬಿಟ್ಟ. ಸಿಕ್ಕಿತು! ಮತ್ತೆ ಬಿಟ್ಟ. ಮತ್ತೆ ಸಿಕ್ಕಿತು! ಬಿಟ್ಟಂಗೆಲ್ಲ ಸಿಕ್ಕಿತು!

ಹೊನ್ನಿ ಬಂದು ಕೂತಳು. ದೇವೀರಮ್ಮ ಬಿಸಿ ಮುದ್ದೆ ಇಟ್ಟು ಮಡಕೆಗೆ ಸೌಟು ಹಾಕಿದಳು. ಆಡಿಸಿದಳು. ತಳ ಕೆರೆದಳು. ಬರೀ ಸಾರು. ಬಾಗಿಲಲ್ಲಿ ಮಾಯಿಗ ಏದುಸಿರು ಬಿಡುತ್ತಾ ನಿಂತಿದ್ದ. ಕೈಯಲ್ಲಿ ಖಾಲಿ ಕುಕ್ಕೆ.

"ಮೀನೆಲ್ಲೋ?"

"ಹಿಡಿದೆ ಅವ್ವ! ಎಲ್ಲಾನೂ ನಾನೇ ಹಿಡಿದೆ! ಒಂದಾದ್ರೂ ಗೇಣುದ್ದ ಇರಬೇಕಲ್ಲ? ಎಲ್ಲಾ ತುಂಡುತುಂಡು ಮರಿ. ಕೆರೆಗೇ ಬಿಟ್ಟು ಬಂದೆ. ಬೆಳೀಲಿ ಪಾಪ."

ಹೊನ್ನಿ ಮೊದಲು ಅತ್ತಳು. ಆಮೇಲೆ ಮುದ್ದೆಯನ್ನ ಸಾರಲ್ಲಿ ಅದ್ದಿ ನುಂಗಿದಳು. ರುಚಿ ಹತ್ತಿತು. ಇನ್ನೊಂದು ತುತ್ತು ನುಂಗಿದಳು. ಸಾರೆಲ್ಲ ಸುರಿದು ತಟ್ಟೆ ನೆಕ್ಕಿ, "ನೀನು ಬಿಟ್ಟ ಜಾಗಾನಾದ್ರೂ ನೆನಪದಾ? ನಾಳೆ ಅವ್ವ ಹೋಗಿ ಹಿಡೀತಾಳೆ" ಅಂತ ತಮ್ಮನನ್ನ ರೇಗಿಸಿದಳು.

"ಇಲ್ದೆ ಏನಕ್ಕ! ಗುರುತಿಟ್ಟೇ ಬಿಟ್ಟಿದೀನಿ. ಬೆಳ್ಳಕ್ಕಿ ನಿಂತಿತ್ತಲ್ಲ, ಸರಿಯಾಗಿ ಅದರ ಕಾಲ ಬುಡಕ್ಕೆ!"

ದೇವೀರಮ್ಮ ಸೌಟು ಕೆಳಗಿಟ್ಟಳು. "ಆಮೇಲೆ?"

"ಆಮೇಲೇನು, ಅದೂ ಬಸುರಿ ಇರಬೇಕು ಅವ್ವ. ಬಿಟ್ಟಿದ್ದೆಲ್ಲಾ ಗುಳುಂ ಗುಳುಂ ಅಂತ ನುಂಗ್ತು. ಅದರ ಮರಿಗಂತೂ ಕಿವಿ ಸೋರಲ್ಲ ಬಿಡು!"