ಕಚ್ಚುವ ನೀರು

ಒಂದು ಊರಿತ್ತು ಕಣ್ರಪ್ಪಾ, ಅಲ್ಲಿ ದೊರೆಗಿಂತ ಹಸುವಿಗೇ ಕೆಲಸ ಹೆಚ್ಚು. ಆ ಊರಲ್ಲಿ ಮೋಟಾರು ಹಾಕಿ ಹಾಲು ಕರೆಯುವ ಪುಟ್ಟತಾಯಮ್ಮ ಇದ್ದಳು. ಅವಳ ಹಸುವಿನ ಹೆಸರು ತುಂಬೆ.

ಒಂದು ಬೆಳಿಗ್ಗೆ ತುಂಬೆ ಕಬ್ಬಿಣದ ತೊಟ್ಟಿಗೆ ಮೂತಿ ಇಟ್ಟಿತು. ಬೆಚ್ಚಿ ಹಿಂದೆ ಸರಿಯಿತು. ಮತ್ತೆ ಇಟ್ಟಿತು. ಮತ್ತೆ ಸರಿಯಿತು.

"ಯಾಕವ್ವಾ?"

"ನೀರು ಕಚ್ಚುತ್ತೆ," ಅಂದಿತು ತುಂಬೆ.

ನೀರು ಕುಡಿಯದ ಹಸು ಹಾಲು ಕೊಡಲಿಲ್ಲ. ಹಾಲಿಲ್ಲದೆ ದೊರೆಯ ಕಾಫಿ ಕಪ್ಪಗೇ ಉಳಿಯಿತು. ದೊರೆ ಕೊಟ್ಟಿಗೆಗೇ ಓಡಿಬಂದ.

"ಕಚ್ಚುತ್ತೆ ಅಂದಮೇಲೆ ಹಲ್ಲಿರಬೇಕು. ಹಲ್ಲಿನ ಡಾಕ್ಟರನ್ನು ಕರೆಸಿ!"

ಡಾಕ್ಟರು ತೊಟ್ಟಿಯೊಳಗೆ ಇಣುಕಿದರು. "ಒಂದು ಹಲ್ಲೂ ಇಲ್ಲ ಮಹಾಸ್ವಾಮಿ. ವಯಸ್ಸಾದ ನೀರು."

"ಹಾಗಾದರೆ ಒಸಡಿನಲ್ಲಿ ಕಚ್ಚುತ್ತಿದೆ. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ತಂದು ತೊಟ್ಟಿಗೆ ಕಟ್ಟಿ!"

ಕಟ್ಟಿದರು. ಈಗ ತುಂಬೆಗೆ ಮೂತಿ ಇಡಲೂ ಜಾಗವಿಲ್ಲ. ಕುಕ್ಕೆ ಬಿಚ್ಚಿಸಿ ದೊರೆ ತಾನೇ ಬೆರಳದ್ದಿದ. ಡಾಕ್ಟರೂ ಅದ್ದಿದರು. ಇಬ್ಬರ ಕಾಲಲ್ಲೂ ದಪ್ಪ ರಬ್ಬರು ಚಪ್ಪಲಿ. ಏನೂ ಆಗಲಿಲ್ಲ.

"ನಮಗೆ ಕಚ್ಚದ್ದು ಇದಕ್ಕೆ ಹೇಗೆ ಕಚ್ಚುತ್ತೆ? ಸುಳ್ಳು ಹೇಳುವ ಹಸು ನನ್ನ ರಾಜ್ಯದಲ್ಲಿ ಬೇಡ. ಗಡಿ ದಾಟಿಸಿ!"

ಹತ್ತು ವರ್ಷದಲ್ಲಿ ತುಂಬೆ ಪುಟ್ಟತಾಯಮ್ಮನಿಗೆ ಒಂದು ಸುಳ್ಳೂ ಹೇಳಿರಲಿಲ್ಲ. ಅವಳು ಚಪ್ಪಲಿ ಬಿಟ್ಟಳು. ಸೆರಗು ಸಿಕ್ಕಿಸಿ, ಒದ್ದೆ ನೆಲಕ್ಕೆ ಕೈಕಾಲೂರಿ, ಹಸುವಿನ ಹಾಗೆ ನಿಂತು ತೊಟ್ಟಿಗೆ ತುಟಿ ಇಟ್ಟಳು.

ಜುಂ ಅಂದಿತು.

"ಯಾರಪ್ಪಾ ನೀನು?"

"ಕರೆಂಟು, ತಾಯಿ," ನೀರೊಳಗಿಂದ ಅಳುವ ದನಿ ಬಂತು. "ಹಾಲು ಕರೆಯುವ ಮೋಟಾರಿನಿಂದ ಜಾರಿಬಿದ್ದೆ. ಮಣ್ಣಿಗೆ ಹೋಗಬೇಕು. ಹೋಗುವ ತಂತಿ ತುಂಡಾಗಿದೆ. ನಿನ್ನ ಹಸುವಿನ ಕಾಲು ಬಿಟ್ಟರೆ ನನಗೆ ಇಳಿಯಲು ಬೇರೆ ಮೆಟ್ಟಿಲೇ ಇಲ್ಲ."

ಪುಟ್ಟತಾಯಮ್ಮನಿಗೆ ಕರೆಂಟಿನ ಮೇಲೂ ಅಯ್ಯೋ ಪಾಪ ಅನ್ನಿಸಿತು. "ಮಹಾಸ್ವಾಮಿ, ಇದಕ್ಕೊಂದು ದಾರಿ ಮಾಡಿಸಿಕೊಡಿ."

"ಎಷ್ಟು ಅಗಲ?"

"ಬೆರಳಗಲ."

"ಅಷ್ಟರಲ್ಲಿ ನನ್ನ ಪಲ್ಲಕ್ಕಿ ಹೋಗಲ್ಲವಲ್ಲ!"

"ತಾವು ಹೋಗಬೇಕಾಗಿಲ್ಲ, ಮಹಾಸ್ವಾಮಿ."

ದೊರೆ ತುಂಬ ಹೊತ್ತು ಯೋಚಿಸಿದ. ತಾನು ಹೋಗದ ಕಡೆಗೂ ದಾರಿ ಇರಬಹುದು ಎಂದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ. ಕೊನೆಗೆ "ಆಗಲಿ" ಅಂದ.

ವೈರಿಂಗ್ ಮಾಡುವ ಮಾಯಣ್ಣ ಬಂದು ಮೇನ್ ಸ್ವಿಚ್ ಆರಿಸಿದ. ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು, ಹೊಸ ತಂತಿ ಇಳಿಸಿದ. ಸ್ವಿಚ್ ಹಾಕಿದ್ದೇ ತಡ, "ಬರ್ತೀನಮ್ಮಾ" ಎಂದು ಕರೆಂಟು ಮಣ್ಣಿಗೆ ಹೋಯಿತು.

ಆದರೂ ತುಂಬೆ ಮೂರು ದಿನ ತೊಟ್ಟಿಯ ಹತ್ತಿರ ಸುಳಿಯಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಪುಟ್ಟತಾಯಮ್ಮ ದಿನವೂ ಅದರೆದುರು ಬಗ್ಗಿ ಒಂದು ಗುಟುಕು ಕುಡಿದು ತೋರಿಸಿದಳು. ನಾಲ್ಕನೆಯ ದಿನ ತುಂಬೆ ಬಂದು ಅವಳ ಪಕ್ಕ ನಿಂತಿತು.

ಈ ಕತೆಯ ನೀತಿ ಏನು ಎಂದು ನಾನು ತುಂಬೆಯನ್ನೇ ಕೇಳಿದೆ. ಅದರ ಬಾಯ್ತುಂಬ ನೀರಿತ್ತು.