ಕಾಣದ ಕೆರೆ

ಒಂದು ಕಾಡಿನಲ್ಲಿ ಎಲ್ಲ ಪ್ರಾಣಿಗಳ ಹತ್ತಿರವೂ ಮೊಬೈಲ್ ಇತ್ತು. ಸಿಗ್ನಲ್ ಎಲ್ಲಿಂದ ಬರುತ್ತಿತ್ತು, ಚಾರ್ಜ್ ಎಲ್ಲಿ ಮಾಡುತ್ತಿದ್ದವು ಅಂತೆಲ್ಲ ನನ್ನ ತಲೆ ತಿನ್ನಬೇಡಿ. ಸುಮ್ಮನೆ ಕಥೆ ಕೇಳಿ.

ಆ ಕಾಡಿನ ಬಂಡೆಗುಡ್ಡದಲ್ಲಿ ಒಂದು ಗವಿ. ಬಾಯಿಂದ ಒಳಕ್ಕೆ ಬರೀ ಇಳಿಜಾರು. ಬಿಸಿಲು ತಾಳಲಾರದೆ ತಂಪು ಹುಡುಕಿಕೊಂಡು ಒಳಗೆ ಹೋದ ಮುಂಗುಸಿ ಹೊರಗೆ ಬರಲಿಲ್ಲ. ಅದನ್ನು ಕರೆತರಲು ಹೋದ ಅದರ ಹೆಂಡತಿಯೂ ಬರಲಿಲ್ಲ. ಒಳಗಿನಿಂದ ಒಂದು ಕೂಗಿಲ್ಲ, ಒಂದು ಸದ್ದಿಲ್ಲ. ಅಬ್ಬಾ! ಅಂದಿನಿಂದ ಆ ದಾರಿ ತುಳಿಯಲು ಎಲ್ಲರೂ ಹೆದರುತ್ತಿದ್ದರು.

ತಿಪ್ಪ ಎಂಬ ನರಿಗೆ ಇಷ್ಟೇ ಸಾಕಾಯಿತು. ಗವಿಯ ಮುಂದೆ ನಿಂತು, ಕಣ್ಣು ಮೇಲೆ ಮಾಡಿ, ಗಂಟಲು ಗೊಗ್ಗರು ಮಾಡಿ ವಿಡಿಯೊ ಹಾಕಿದ. "ಒಳಗೆ ಭೂತ ಇದೆ! ದಿನಾ ಗವಿಯ ಬಾಯಲ್ಲಿ ಎಡೆ ಇಡದಿದ್ದರೆ ನಿಮ್ಮ ಮನೆಗೇ ಬರುತ್ತದೆ!"

ಇಡೀ ಕಾಡು ಅದನ್ನು ನೋಡಿತು, ನಡುಗಿತು, ಇನ್ನೊಂದು ಸಲ ನೋಡಿತು. ಗೆಣಸು, ಮೊಟ್ಟೆ, ಮೀನು ಎಲ್ಲ ಬಂದು ಬಿದ್ದವು. ಯಾರೂ ಇಲ್ಲದಾಗ ತಿಪ್ಪ ಹೊಟ್ಟೆ ಬಿರಿಯ ತಿಂದ. ಭೂತ ಇಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಂಗುಸಿಗಳನ್ನು ಯಾವುದೋ ಹೆಬ್ಬಾವು ನುಂಗಿ ಹೋಗಿರಬೇಕು ಅಂದುಕೊಂಡಿದ್ದ.

ನಿಜ ಗೊತ್ತಿದ್ದದ್ದು ಮುಳ್ಳುಹಂದಿ ಸೂಜಮ್ಮನಿಗೆ. ಅವಳೂ ವಿಡಿಯೊ ಹಾಕುತ್ತಿದ್ದಳು. ಹೇಗೆ ಗೊತ್ತೆ? "ನಮಸ್ಕಾರ. ಇಂದಿನ ವಿಷಯ, ಗವಿಗಳಲ್ಲಿ ವಾಯುವಿನ ಶೇಖರಣೆ, ಭಾಗ ಒಂದು. ಮೊದಲಿಗೆ ವಾಯು ಎಂದರೇನು..." ಅಯ್ಯೋ ರಾಮ! ಅವಳ ಗಂಡನೇ ಅದನ್ನು ಪೂರ್ತಿ ನೋಡಿರಲಿಲ್ಲ.

ಬರಬರುತ್ತ ತಿಪ್ಪನಿಗೆ ಗೆಣಸು ಬೇಜಾರಾಯಿತು. ಹೊಸ ವಿಡಿಯೊ ಬಂತು. "ಭೂತಕ್ಕೆ ಎಳೆ ಮಾಂಸ ಬೇಕಂತೆ! ನಾಳೆ ಮಧ್ಯಾಹ್ನ ಮೊಲದ ಸಿಂಗಾರಿ ತನ್ನ ಮರಿ ಚಿನ್ನಿಯನ್ನು ಗವಿಯ ಬಾಯಲ್ಲಿ ಬಿಡಬೇಕು. ಬಿಟ್ಟವರು ತಿರುಗಿ ನೋಡದೆ ಹೋಗಬೇಕು. ಇಲ್ಲದಿದ್ದರೆ ಕಾಡಿನಲ್ಲಿ ಒಂದು ಮರಿಯೂ ಉಳಿಯುವುದಿಲ್ಲ!"

ಸಿಂಗಾರಿ ಮರಿಯನ್ನು ಅವಚಿಕೊಂಡು ಮನೆಮನೆಗೆ ಓಡಿದಳು. "ಏನು ಮಾಡೋದಮ್ಮ, ನಮಗೂ ಮಕ್ಕಳಿದ್ದಾವೆ" ಎಂದು ಜಿಂಕೆ ಮುಖ ತಿರುಗಿಸಿತು. ಹಂದಿ ಬಾಗಿಲು ಹಾಕಿಕೊಂಡಿತು.

"ಅಮ್ಮ, ಭೂತ ಕಚ್ಚುತ್ತಾ?" ಎಂದಿತು ಚಿನ್ನಿ. ಸಿಂಗಾರಿ ಅದರ ತಲೆ ಸವರಿ ಮುಂದಿನ ಮನೆಗೆ ಓಡಿದಳು.

ಕೊನೆಗೆ ಅವಳು ಸೂಜಮ್ಮನ ಬಿಲಕ್ಕೆ ಬಂದಳು.

"ಭೂತ ಗೀತ ಏನೂ ಇಲ್ಲ ಕಣೇ! ಅಲ್ಲಿರೋದು ಕೆಟ್ಟ ಗಾಳಿ. ವಿಡಿಯೊದಲ್ಲಿ ಹೇಳಿದ್ದೆನಲ್ಲ!" ಎಂದಳು ಸೂಜಮ್ಮ.

"ನೋಡೋಕೆ ಕೂತೆ ಅಜ್ಜಿ. ನಿದ್ದೆ ಬಂದುಬಿಡ್ತು."

ಸೂಜಮ್ಮನ ಮುಳ್ಳೆಲ್ಲ ನೆಟ್ಟಗಾದವು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಗಡಗಡ ನಡುಗುತ್ತಿದ್ದ ಚಿನ್ನಿ ಕಣ್ಣಿಗೆ ಬಿತ್ತು. ಬೈಗುಳ ನುಂಗಿಕೊಂಡಳು. "ಸರಿ, ನಿದ್ದೆ ಬರದ ಹಾಗೆ ಹೇಳೋಣ, ನಡಿ" ಎಂದಳು.

ಯಾರ ದನಿಯನ್ನಾದರೂ ಅಣಕಿಸಬಲ್ಲ ಕಾಜಾಣ ಹಕ್ಕಿ ಬಂತು. ಕೋತಿ ಬಂತು. ಗವಿಯ ಮುಂದೆ ಸಿಂಗಾರಿ ಮೊಬೈಲಿನಲ್ಲಿ ವಿಡಿಯೊ ತೆಗೆಯತೊಡಗಿದಳು. ಕಾಡಿನ ಗಾರ್ಡುಗಳು ಒಣಹುಲ್ಲು ಸುಟ್ಟ ಜಾಗದಿಂದ ಕೋತಿ ಉರಿಯುವ ಕೊಳ್ಳಿ ತಂದಿತು. ಅದನ್ನು ಉದ್ದನೆಯ ಬಳ್ಳಿಗೆ ಕಟ್ಟಿ, ಹೊರಗೇ ನಿಂತು ಗವಿಯೊಳಗೆ ಇಳಿಬಿಟ್ಟಿತು. ಕಾಜಾಣ ಉರಿಗೆ ಮಾತು ಕೊಟ್ಟಿತು. "ನಾನು ಶೂರ! ನಾನು ಧೀರ! ಯಾರ್ರೋ ಒಳಗಿರೋದು, ಬನ್ರೋ... ಅಯ್ಯಯ್ಯೋ, ಉಸಿರು... ಅಮ್ಮಾ..." ಪುಸ್ಸ್! ಉರಿ ಆರಿತು. ಇನ್ನೊಂದು ಕೊಳ್ಳಿ ಇಳಿಸಿದರು. ಅದೂ ಅಷ್ಟೇ ಆಳಕ್ಕೆ ಹೋಗಿ ಪುಸ್ಸ್!

ಸೂಜಮ್ಮ ಮುಂದೆ ಬಂದಳು. "ಇದು ಕಾಣದ ಕೆರೆ. ನೀರಿನದಲ್ಲ, ಭಾರವಾದ ಕೆಟ್ಟ ಗಾಳಿಯದು. ತಗ್ಗಿನಲ್ಲಿ ನಿಂತಿದೆ. ಮುಳುಗಿದರೆ ಉರಿ ಆರುತ್ತೆ, ನಾವು ಸಾಯ್ತೀವಿ. ಕೆರೆ ಎದ್ದು ನಿಮ್ಮ ಮನೆಗೆ ಬರಲ್ಲ. ನೀವು ಅದರೊಳಗೆ ಹೋಗಬೇಡಿ."

ಕಾಡೆಲ್ಲ ಆ ವಿಡಿಯೊ ನೋಡಿ ಬಿದ್ದು ಬಿದ್ದು ನಕ್ಕಿತು. ಮರುದಿನ ಮಧ್ಯಾಹ್ನ ಎಲ್ಲರೂ ಗವಿಯ ಬಳಿ ಬಂದರು. ಯಾರ ಕೈಯಲ್ಲೂ ಎಡೆ ಇರಲಿಲ್ಲ. ಆದರೂ ಸಿಂಗಾರಿ ಚಿನ್ನಿಯನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು.

ತಿಪ್ಪ ಕೆಂಡಾಮಂಡಲವಾದ. ಸೂಜಮ್ಮನ ವಿಡಿಯೊವನ್ನು ಅವನು ನೋಡಿರಲಿಲ್ಲ, ಅದರ ಕೆಳಗೆ ಬೈದು ಬರೆದಿದ್ದ ಅಷ್ಟೆ. "ಗಾಳಿಯಂತೆ, ಕೆರೆಯಂತೆ! ಒಳಗೆ ಹೋಗಿ ಭೂತದ ಅಪ್ಪಣೆ ತರ್ತೀನಿ. ಲೈವ್ ನೋಡಿ!" ಎಂದ. ಭೂತವೇ ಸುಳ್ಳು ಎಂದ ಮೇಲೆ ತನಗೇನು ಭಯ ಎಂದುಕೊಂಡ.

"ಬೇಡ ಕಣೋ ತಿಪ್ಪ! ನಿಂತ್ಕೊಳ್ಳೋ!" ಎಂದು ಸೂಜಮ್ಮ ಚೀರಿದಳು.

ತಿಪ್ಪ ನಗುತ್ತ ಇಳಿದ. ಎಲ್ಲರ ಮೊಬೈಲಿನಲ್ಲೂ ಅವನ ಮುಖ. "ನೋಡಿ, ಏನೂ ಆಗಿಲ್ಲ... ಭೂತರಾಯಾ, ಆ ಮೊಲದ ಮರಿ..." ಮಾತು ತೊದಲಿತು. ಕಣ್ಣು ಅರಳಿತು. "ಯಾಕೋ... ತಲೆ..."

ಮೊಬೈಲ್ ಕೆಳಗೆ ಬಿತ್ತು. ಪರದೆಯ ಮೇಲೆ ಗವಿಯ ಚಾವಣಿ ಮಾತ್ರ ಉಳಿಯಿತು. ಕೋತಿ ಬಳ್ಳಿ ಎಸೆದು, "ಹಿಡ್ಕೊಳ್ಳೋ, ಹಿಡ್ಕೊಳ್ಳೋ" ಎಂದು ಕೂಗಿತು. ಒಳಗಿನಿಂದ ಅದನ್ನು ಯಾರೂ ಹಿಡಿಯಲಿಲ್ಲ. ಸಿಂಗಾರಿ ಮರಿಯ ಕಣ್ಣು ಮುಚ್ಚಿದಳು.

ಲೈವ್ ನೋಡುತ್ತಿದ್ದ ಪಕ್ಕದ ಕಾಡಿನವರಿಗೆ ಇದೊಂದೂ ತಿಳಿಯಲಿಲ್ಲ. ತಿಪ್ಪನ ನಾಟಕ ಇವತ್ತು ಭಾರಿ ಚೆನ್ನಾಗಿದೆ ಎಂದುಕೊಂಡು, ಅವರು ಆ ಚಾವಣಿಗೆ ಚಪ್ಪಾಳೆ ಕಳಿಸುತ್ತಲೇ ಇದ್ದರು.

ನೀತಿ: ಸುಳ್ಳು ಹೇಳಿ ಹೆದರಿಸಿ ಬದುಕುವವನಿಗೆ ನಿಜವಾದ ಅಪಾಯ ಕಾಣುವುದಿಲ್ಲ, ನಿಜ ತಿಳಿದವರು ಅದನ್ನು ಎಲ್ಲರೂ ಕೂತು ಕೇಳುವ ಹಾಗೆ ಹೇಳಬೇಕು.